ಹೆಸರಾಗುವ ಮೊದಲಿನ ಒಂದು ಕಛೇರಿ: ಸ್ಟೀವಿ ರೇ ವಾನ್‌ನ ‘ಇನ್ ದ ಬಿಗಿನಿಂಗ್’

1980ರ ಏಪ್ರಿಲ್ 1ರ ರಾತ್ರಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ, ಆರನೆಯ ಬೀದಿಯ ಸ್ಟೀಮ್‌ಬೋಟ್ 1874 ಎಂಬ ಕ್ಲಬ್ಬಿನಲ್ಲಿ, ಇಪ್ಪತ್ತೈದು ವರ್ಷದ ಗಿಟಾರ್ ವಾದಕನೊಬ್ಬ ಇಬ್ಬರೇ ಜೊತೆಗಾರರನ್ನು ಇಟ್ಟುಕೊಂಡು ಕಛೇರಿ ನಡೆಸಿದ. ಅದೇ ಊರಿನ ಕೆಎಲ್‌ಬಿಜೆ-ಎಫ್‌ಎಂ ಬಾನುಲಿ ಕೇಂದ್ರ ಆ ಕಛೇರಿಯನ್ನು ಪ್ರಸಾರ ಮಾಡಿತು. ಆಗ ಆತನ ಹೆಸರಿನಲ್ಲಿ ಒಂದು ಆಲ್ಬಂ ಕೂಡ ಬಂದಿರಲಿಲ್ಲ, ಆಸ್ಟಿನ್ನಿನ ಸುತ್ತಮುತ್ತ ಬಿಟ್ಟರೆ ಬೇರೆ ಕಡೆ ಆತನನ್ನು ಬಲ್ಲವರೂ ಹೆಚ್ಚಿರಲಿಲ್ಲ. ಹನ್ನೆರಡು ವರ್ಷಗಳ ನಂತರ, 1992ರ ಅಕ್ಟೋಬರಿನಲ್ಲಿ, ಎಪಿಕ್ ಸಂಸ್ಥೆ ಆ ರಾತ್ರಿಯ ಒಂಬತ್ತು ರಚನೆಗಳನ್ನು ಆಯ್ದು ‘ಇನ್ ದ ಬಿಗಿನಿಂಗ್’ ಎಂಬ ಹೆಸರಿನಲ್ಲಿ ಹೊರತಂದಾಗ, ಆ ವಾದಕ ಸ್ಟೀವಿ ರೇ ವಾನ್ ತೀರಿಕೊಂಡು ಎರಡು ವರ್ಷ ದಾಟಿತ್ತು.

ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಾವು ಆರೇಳು ಮಂದಿ ಸೇರಿ ಒಂದು ಧ್ವನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಮಾತಾಡದೆ, ಕೇಳುತ್ತೇವೆ. ನಮ್ಮಲ್ಲಿ ಇಬ್ಬರು ವಾನ್ ನುಡಿಸುತ್ತಿದ್ದ ಬ್ಲೂಸ್ ಎಂಬ, ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತವನ್ನು ಮೂವತ್ತು ವರ್ಷಗಳಿಂದ ಬೆನ್ನು ಹತ್ತಿದವರು, ಒಬ್ಬರು ಮೃದಂಗ ಕಲಿತವರು, ಉಳಿದವರು ಒಳ್ಳೆಯದು ಯಾವ ದಿಕ್ಕಿನಿಂದ ಬಂದರೂ ಕೇಳುವವರು. ಈ ಸಿ.ಡಿ.ಗಾಗಿ ನಾನು ಬಹಳ ಕಾಲ ಹುಡುಕಿದ್ದೆ. ಅಂತರ್ಜಾಲದ ಮಾರಾಟಗಾರನೊಬ್ಬನಿಂದ ತರಿಸಿಕೊಂಡ ಮೊದಲ ಪ್ರತಿ ಡಬ್ಬಿ ಒಡೆದು, ಮುದ್ರಿಕೆಯ ಮೇಲೆ ಗೀರು ಬಿದ್ದು ಬಂದಿತ್ತು. ಅದನ್ನು ಹಿಂದಿರುಗಿಸಿ ಎರಡನೆಯದು ಕೈಸೇರುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಆ ಎರಡು ತಿಂಗಳು ಕಾದದ್ದು ವ್ಯರ್ಥವಾಗಲಿಲ್ಲವೆಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಈ ಮುದ್ರಿಕೆಯ ಬೆಲೆ ತಿಳಿಯಬೇಕಾದರೆ ಆ ರಾತ್ರಿ ಆತ ಎಲ್ಲಿ ನಿಂತಿದ್ದ ಎಂಬುದನ್ನು ಸ್ವಲ್ಪ ನೋಡಬೇಕು. 1954ರ ಅಕ್ಟೋಬರ್ 3ರಂದು ಡಲ್ಲಾಸ್‌ನಲ್ಲಿ ಹುಟ್ಟಿದ ವಾನ್, ಅಣ್ಣ ಜಿಮ್ಮಿ ವಾನ್‌ನ ಗಿಟಾರ್ ಕೇಳಿ ಬೆಳೆದವನು, ಹದಿಹರೆಯದಲ್ಲೇ ಓದು ಬಿಟ್ಟು ಆಸ್ಟಿನ್‌ಗೆ ಬಂದು ಹಲವು ತಂಡಗಳಲ್ಲಿ ನುಡಿಸಿದವನು. ಡಬಲ್ ಟ್ರಬಲ್ ಎಂಬ ಆತನ ತಂಡದಲ್ಲಿ ಮೊದಲು ಲೂ ಆನ್ ಬಾರ್ಟನ್ ಎಂಬ ಗಾಯಕಿ ಇದ್ದರು. 1979ರ ಕೊನೆಯ ಹೊತ್ತಿಗೆ ಅವರು ಬಿಟ್ಟುಹೋದರು. ಹಾಗಾಗಿ ಈ ಕಛೇರಿಯಲ್ಲಿ ನಾವು ಕೇಳುವುದು ಮೂವರ ತಂಡವಾಗಿ ಕೆಲವೇ ತಿಂಗಳಾದ ಒಂದು ಕೂಟವನ್ನು: ಗಿಟಾರ್ ಮತ್ತು ಹಾಡು ಎರಡನ್ನೂ ಒಬ್ಬನೇ ಹೊತ್ತ ವಾನ್, ಡ್ರಮ್ಸ್‌ನಲ್ಲಿ ಕ್ರಿಸ್ ಲೇಟನ್, ಬೇಸ್ ಗಿಟಾರ್‌ನಲ್ಲಿ ಜಾಕಿ ನ್ಯೂಹೌಸ್. ಜಗತ್ತಿಗೆ ಪರಿಚಯವಾದ ಡಬಲ್ ಟ್ರಬಲ್‌ನ ಬೇಸ್ ವಾದಕ ಟಾಮಿ ಶ್ಯಾನನ್ ಬಂದದ್ದು 1981ರ ಜನವರಿಯಲ್ಲಿ. ನ್ಯೂಹೌಸ್ ಅವರ ಕೈ ಶ್ಯಾನನ್ ಅವರಷ್ಟು ತೂಕದ್ದಲ್ಲ. ಆದರೆ ಅದರ ನಡಿಗೆ ಹಗುರ, ಮತ್ತು ಈ ಹಾಡುಗಳಿಗೆ ಆ ಹಗುರತನ ಬಹಳ ಚೆನ್ನಾಗಿ ಒಪ್ಪಿದೆ ಎಂಬುದು ನನ್ನ ಅನಿಸಿಕೆ.

ಮುಂದಿನದು ಎಲ್ಲರಿಗೂ ತಿಳಿದ ಕಥೆ. 1982ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ಸಭಿಕರಲ್ಲಿ ಕೆಲವರು ಗಲಾಟೆ ಮಾಡಿ ಕೂಗಿದರೂ, ಅಲ್ಲಿ ಆತನನ್ನು ಕೇಳಿದ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ತನ್ನ ಆಲ್ಬಂನಲ್ಲಿ ನುಡಿಸಲು ಕರೆದದ್ದು, ಅಮೆರಿಕದ ಗಾಯಕ ಜಾಕ್ಸನ್ ಬ್ರೌನ್ ತನ್ನ ಸ್ಟುಡಿಯೊವನ್ನು ಬಿಟ್ಟುಕೊಟ್ಟದ್ದು, ಅಲ್ಲಿ ಮೂರೇ ದಿನಗಳಲ್ಲಿ ಮುದ್ರಿಸಿಕೊಂಡದ್ದು 1983ರಲ್ಲಿ ‘ಟೆಕ್ಸಾಸ್ ಫ್ಲಡ್’ ಎಂಬ ಮೊದಲ ಆಲ್ಬಂ ಆಗಿ ಬಂದದ್ದು, 1990ರ ಆಗಸ್ಟ್ 27ರಂದು ವಿಸ್ಕಾನ್ಸಿನ್ ರಾಜ್ಯದಲ್ಲಿ ಕಛೇರಿ ಮುಗಿಸಿ ಹೊರಟ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿದು ಮೂವತ್ತೈದನೆಯ ವಯಸ್ಸಿನಲ್ಲಿ ಆತ ಹೋದದ್ದು. ಇದೆಲ್ಲವನ್ನೂ ತಿಳಿದುಕೊಂಡೇ ನಾವು ಈ ಮುದ್ರಿಕೆಯನ್ನು ಕೇಳುತ್ತೇವೆ. ಆದರೆ ಆ ಕ್ಲಬ್ಬಿನಲ್ಲಿ ಕುಳಿತಿದ್ದವರಿಗೆ ಇದಾವುದೂ ತಿಳಿದಿರಲಿಲ್ಲ, ನುಡಿಸುತ್ತಿದ್ದವನಿಗೂ ತಿಳಿದಿರಲಿಲ್ಲ. ಊರಿನವರ ಮುಂದೆ ಊರಿನ ಹುಡುಗ ನುಡಿಸುವಾಗ ಇರುವ ಸಲಿಗೆ ಈ ಮುದ್ರಿಕೆಯ ಉದ್ದಕ್ಕೂ ಇದೆ, ಅದು ಆತನ ನಂತರದ ದೊಡ್ಡ ಸಭಾಂಗಣಗಳ ಮುದ್ರಿಕೆಗಳಲ್ಲಿ ಮತ್ತೆ ಇದೇ ರೀತಿಯಲ್ಲಿ ಸಿಗುವುದಿಲ್ಲ.

ಧ್ವನಿಯ ವಿಚಾರ. ಇದು ಬಾನುಲಿ ಪ್ರಸಾರಕ್ಕೆಂದು ಹಿಡಿದದ್ದು, ಮಾರಾಟದ ಮುದ್ರಿಕೆಗೆಂದು ಹಿಡಿದದ್ದಲ್ಲ. ಗಿಟಾರ್ ಎದುರಿಗೇ ನಿಂತಿದೆ, ಹಾಡುವ ದನಿ ಅದರ ಪಕ್ಕದಲ್ಲಿದೆ, ಬೇಸ್ ಮತ್ತು ಡ್ರಮ್ಸ್ ಒಂದು ಹೆಜ್ಜೆ ಹಿಂದೆ. ಚಿಕ್ಕ ಸ್ಪೀಕರಿನಲ್ಲಿ ಕೇಳಿದರೆ ಬೇಸ್ ಮಸುಕಾಗುತ್ತದೆ. ನಮ್ಮಲ್ಲಿ ಒಬ್ಬರು ಮೊದಲು ಮೊಬೈಲ್ ಫೋನಿನಲ್ಲಿ ಕೇಳಿ ನಿರಾಶರಾಗಿದ್ದವರು ನಮ್ಮ ಮನೆಯ ಹಳೆಯ ಆಂಪ್ಲಿಫೈಯರಿನಲ್ಲಿ ಕೇಳಿದ ಮೇಲೆ ಅಭಿಪ್ರಾಯ ಬದಲಿಸಿದರು. ಕ್ಲಬ್ಬಿನ ಜನರ ಸದ್ದು ಅಲ್ಲಲ್ಲಿ ತೇಲಿ ಬರುತ್ತದೆ, ಅದು ಕಿರಿಕಿರಿಯಲ್ಲ. ಗಣೇಶನ ಹಬ್ಬದ ದಿನಗಳಲ್ಲಿ ನಮ್ಮ ಎಂಟನೆಯ ಕ್ರಾಸಿನ ಬಯಲು ಕಛೇರಿಗಳಲ್ಲಿ ಕುಳಿತು ಅಭ್ಯಾಸವಾದ ಮೈಸೂರಿನವರಿಗೆ, ಆಲಾಪನೆಯ ನಡುವೆ ಮಗು ಅಳುವುದು, ಹಿಂದಿನ ಸಾಲಿನಲ್ಲಿ ಯಾರೋ ಭೇಷ್ ಅನ್ನುವುದು, ದೂರದಲ್ಲಿ ಆಟೊ ಹಾರ್ನ್ ಕೇಳಿಸುವುದು ಇವೆಲ್ಲ ಕಛೇರಿಯ ಭಾಗವೇ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ರಚನೆ ‘ಇನ್ ದಿ ಓಪನ್’, ಹಾಡಿಲ್ಲದ ಬರಿಯ ವಾದನ. ಅದು ಟೆಕ್ಸಾಸ್‌ನವರೇ ಆದ ಫ್ರೆಡ್ಡಿ ಕಿಂಗ್ ಅವರದ್ದು. ಅವರು 1976ರ ಡಿಸೆಂಬರಿನಲ್ಲಿ ಡಲ್ಲಾಸ್‌ನಲ್ಲಿ ತೀರಿಕೊಂಡಿದ್ದರು. ಕಛೇರಿಯನ್ನು ಹಿರಿಯನೊಬ್ಬನ ವರ್ಣದಿಂದ ಶುರುಮಾಡುವ ನಮ್ಮ ಪದ್ಧತಿಯಂತೆಯೇ ಇದು ಕೇಳಿಸುತ್ತದೆ. ಕೈ ಬಿಸಿಯಾಗುವವರೆಗೆ ಕಾಯುವ ಸ್ವಭಾವ ಆತನದ್ದಲ್ಲ. ಮೊದಲ ಮೀಟಿನಿಂದಲೇ ತಂತಿಗೆ ಪೂರ್ತಿ ಬಲ ಬಿದ್ದಿರುತ್ತದೆ, ಪ್ರತಿ ಸ್ವರವೂ ಬಿಡಿಬಿಡಿಯಾಗಿ, ಒಂದರ ಮೇಲೊಂದು ಬೀಳದೆ ಬರುತ್ತದೆ. ಆ ವೇಗದಲ್ಲಿ ಆ ಸ್ಪಷ್ಟತೆಯನ್ನು ಉಳಿಸಿಕೊಂಡದ್ದು ದೊಡ್ಡ ಸಾಧನೆ. ಆದರೂ ಈ ಮೊದಲ ರಚನೆಯಲ್ಲೇ ನನಗೆ ಈ ಮುದ್ರಿಕೆಯ ದೋಷವೂ ಕಾಣಿಸಿತು. ತನಗೆ ಗೊತ್ತಿರುವ ಎಲ್ಲವನ್ನೂ ಈಗಲೇ ಹೇಳಿಬಿಡಬೇಕು ಎಂಬ ಆತುರ ಅಲ್ಲಿದೆ. ಒಂದು ಮಾತು ಮುಗಿದು ಅದು ಕೇಳುಗರ ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಮಾತು ಬಂದುಬಿಡುತ್ತದೆ.

‘ಸ್ಲೈಡ್ ಥಿಂಗ್’ ಹೆಸರೇ ಹೇಳುವಂತೆ ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವ ಕೈಚಳಕದ ರಚನೆ. ನಮ್ಮ ಗೋಟುವಾದ್ಯ ಕೇಳಿದವರಿಗೆ ಆ ಜಾರು ಹೊಸದೆನಿಸದು. ಆತನ ನಂತರದ ಆಲ್ಬಂಗಳನ್ನು ಮಾತ್ರ ಬಲ್ಲವರಿಗೆ ಇದು ಅಪರೂಪದ ಮುಖ. ಅದರ ಬೆನ್ನಿಗೇ ಬರುವ ‘ದೇ ಕಾಲ್ ಮಿ ಗಿಟಾರ್ ಹರಿಕೇನ್’ ಉತ್ಸಾಹದ ಹಾಡು, ಅದಕ್ಕಿಂತ ಹೆಚ್ಚಿನದ್ದೇನೂ ಅದರಲ್ಲಿ ನನಗೆ ಸಿಗಲಿಲ್ಲ.

ನಾಲ್ಕನೆಯದರಿಂದ ಮುದ್ರಿಕೆ ಬೇರೆಯ ಎತ್ತರಕ್ಕೆ ಹೋಗುತ್ತದೆ. ‘ಆಲ್ ಯುವರ್ ಲವ್’ ಷಿಕಾಗೋದ ಓಟಿಸ್ ರಶ್ ಅವರ ಹಾಡು, ಅವರು ಅದನ್ನು ಕೋಬ್ರಾ ಎಂಬ ಸಣ್ಣ ಕಂಪನಿಗೆ 1958ರಲ್ಲಿ ಹಾಡಿದ್ದರು. ಅದೇ ಕಾಲದಲ್ಲಿ ಅದೇ ಕಂಪನಿಗೆ ರಶ್ ಹಾಡಿದ ಇನ್ನೊಂದು ಹಾಡಿನ ಹೆಸರು ‘ಡಬಲ್ ಟ್ರಬಲ್’, ಈ ತಂಡ ತನ್ನ ಹೆಸರನ್ನು ತೆಗೆದುಕೊಂಡದ್ದು ಅಲ್ಲಿಂದ. ಹಾಗಾಗಿ ಇದು ತಂಡದ ಮಟ್ಟಿಗೆ ಒಂದು ರೀತಿಯ ಗುರುವಂದನೆ. ಹಾಡಿನ ರಚನೆಯಲ್ಲೇ ಒಂದು ವಿಶೇಷವಿದೆ: ವಿಷಾದದ ಛಾಯೆಯ, ಲ್ಯಾಟಿನ್ ಅಮೆರಿಕದ ನೃತ್ಯಲಯವನ್ನು ನೆನಪಿಸುವ ನಡೆಯಲ್ಲಿ ಆರಂಭವಾಗಿ, ನಡುವಿನಲ್ಲಿ ಪ್ರತಿ ಎಣಿಕೆಯೂ ಮೂರಾಗಿ ಒಡೆಯುವ ನಡೆಗೆ ಹೊರಳಿ, ಮತ್ತೆ ಮೊದಲಿನದಕ್ಕೆ ಮರಳುವಂತೆ ರಶ್ ಅದನ್ನು ಕಟ್ಟಿದ್ದಾರೆ. ನಮ್ಮ ಮೃದಂಗದ ಗೆಳೆಯರಿಗೆ ಬ್ಲೂಸ್ ಪರಿಚಯ ಕಡಿಮೆ. ಹನ್ನೆರಡು ಅಳತೆಗಳ ಒಂದು ಸುತ್ತು, ಪ್ರತಿ ಅಳತೆಗೆ ನಾಲ್ಕು ಎಣಿಕೆ, ಬಹುತೇಕ ಹಾಡುಗಳು ಈ ಸುತ್ತಿನಲ್ಲೇ ತಿರುಗುತ್ತವೆ ಎಂದಷ್ಟೇ ಅವರಿಗೆ ಮೊದಲು ಹೇಳಿದ್ದೆ. ಅವರು ತೊಡೆಯ ಮೇಲೆ ಬೆರಳಲ್ಲಿ ಎಣಿಸುತ್ತಾ ಕುಳಿತಿದ್ದವರು ಆ ಹೊರಳು ಕಿವಿಗೆ ಬೀಳುತ್ತಿದ್ದಂತೆ ತಲೆ ಎತ್ತಿ ‘ತಿಶ್ರಕ್ಕೆ ಬಂದ್ರಲ್ಲಾ’ ಎಂದು ಮೆಲ್ಲಗೆ ಹೇಳಿದರು. ಮಾತಾಡಬಾರದೆಂಬ ನಮ್ಮ ನಿಯಮ ಆ ದಿನ ಮೊದಲ ಬಾರಿ ಮುರಿದದ್ದು ಆಗ.

ಐದನೆಯ ಹಾಡು ‘ಟಿನ್ ಪ್ಯಾನ್ ಆಲಿ’. ಈ ಬರಹವನ್ನು ನಾನು ಬರೆಯಲು ಕುಳಿತದ್ದೇ ಇದಕ್ಕಾಗಿ. ಇದು ಏಳು ನಿಮಿಷ ದಾಟುವ, ಬಹಳ ವಿಳಂಬ ಕಾಲದ ಬ್ಲೂಸ್. ಊರಿನ ಅತ್ಯಂತ ಒರಟು ಓಣಿಯೊಂದರ ರಾತ್ರಿಯನ್ನು ವರ್ಣಿಸುವ ಹಾಡು. ಅದುವರೆಗೆ ನಾಲ್ಕು ರಚನೆಗಳಲ್ಲಿ ಉಸಿರು ಬಿಡದೆ ಓಡಿದ ಕೈ ಇಲ್ಲಿ ನಿಲ್ಲುವುದನ್ನು ಕಲಿಯುತ್ತದೆ. ಒಂದು ಸ್ವರವನ್ನು ಮೀಟುತ್ತಾನೆ, ಅದನ್ನು ಮೇಲಕ್ಕೆ ನೂಕುತ್ತಾನೆ, ನೂಕಿದ ಜಾಗದಲ್ಲಿ ಹಿಡಿದು ನಡುಗಿಸುತ್ತಾನೆ, ಆಮೇಲೆ ಬಿಟ್ಟುಬಿಡುತ್ತಾನೆ. ಬಿಟ್ಟ ಮೇಲೆ ಲೇಟನ್ ಅವರ ಡ್ರಮ್ಸ್‌ನ ಮೇಲೆ ಬರಿಯ ಎಣಿಕೆ ಸಾಗುತ್ತಿರುತ್ತದೆ, ಗಿಟಾರ್ ಇರುವುದಿಲ್ಲ. ಆ ಬಿಡುವಿನಲ್ಲಿ ಕ್ಲಬ್ಬಿನ ಜನ ಕಾಯುತ್ತಿರುವುದು ಮನಸ್ಸಿಗೆ ಮುಟ್ಟುತ್ತದೆ. ಮತ್ತೆ ಗಿಟಾರ್ ಬಂದಾಗ ಅದು ಮೊದಲಿಗಿಂತ ಮೆಲ್ಲಗೆ ಬರುತ್ತದೆ. ಇಪ್ಪತ್ತೈದರ ಹರೆಯದ ವಾದಕನಿಗೆ ಮೆಲ್ಲಗೆ ಮಾತಾಡಿದರೆ ಜನ ಹತ್ತಿರ ಬರುತ್ತಾರೆ ಎಂಬುದು ಗೊತ್ತಾಗಿರುವುದು ಸಾಮಾನ್ಯ ಸಂಗತಿಯಲ್ಲ.

ನಮ್ಮ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಬದುಕಿನ ಬಹುಪಾಲು ವೀಣೆ ಹೇಳಿಕೊಟ್ಟವರು. ಅವರು ನಮ್ಮ ಭಾನುವಾರದ ಕೂಟಕ್ಕೆ ಸೇರುವುದಿಲ್ಲ, ಒಳಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಮಲಗಿರುತ್ತಾರೆ. ಮೂರನೆಯ ಹಾಡು ಮುಗಿದಾಗ ಒಳಗಿನಿಂದ ‘ಯಾರೋ ಅದು? ಬೆರಳೇನೋ ಗಟ್ಟಿ ಇದೆ, ಆದ್ರೆ ತುಂಬಾ ಅವಸರ ಕಣೋ’ ಎಂದಿದ್ದರು. ಐದನೆಯದು ಅರ್ಧಕ್ಕೆ ಬಂದಾಗ ಗೋಡೆ ಹಿಡಿದುಕೊಂಡು ತಾವೇ ನಡುಮನೆಗೆ ಬಂದು, ಬಾಗಿಲ ಪಕ್ಕದ ಮಣೆಯ ಮೇಲೆ ಕುಳಿತರು. ನಾವು ಕುರ್ಚಿ ಬಿಟ್ಟುಕೊಡಲು ಎದ್ದರೆ ಕೈಯಲ್ಲೇ ಸನ್ನೆ ಮಾಡಿ ಕೂರಿಸಿದರು. ಕೇಳುತ್ತಾ ಕೇಳುತ್ತಾ ಅವರ ಎಡಗೈಯ ತೋರುಬೆರಳು ಮತ್ತು ನಡುಬೆರಳು ಜೋಡಿಯಾಗಿ ಸೀರೆಯ ಮಡಿಲ ಮೇಲೆ ಅಡ್ಡಕ್ಕೆ ಸರಿಯುತ್ತಿದ್ದವು. ಆ ಎರಡು ಬೆರಳ ತುದಿಯಲ್ಲಿ ತಂತಿ ಕೊರೆದ ಗೆರೆಗಳಿವೆ. ವೀಣೆ ನಿಲ್ಲಿಸಿ ಹತ್ತು ವರ್ಷವಾದರೂ ಅವು ಪೂರ್ತಿ ಅಳಿಸಿಲ್ಲ. ಹಾಡು ಮುಗಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: ‘ಈಗ ಸುಮ್ನಿರೋದು ಕಲ್ತ.’

ದೊಡ್ಡಮ್ಮನ ಬೆರಳುಗಳು ಹಾಗೆ ಸರಿದದ್ದಕ್ಕೆ ಕಾರಣವಿದೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದು ಮೇಲಿನ ಸ್ವರವನ್ನು ಮುಟ್ಟುವ ಗಮಕಕ್ಕೂ, ಬ್ಲೂಸ್ ಗಿಟಾರಿನಲ್ಲಿ ತಂತಿಯನ್ನು ನೂಕಿ ಸ್ವರವನ್ನು ಏರಿಸುವುದಕ್ಕೂ ಯಂತ್ರದ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲ: ತಂತಿಯ ಬಿಗಿ ಹೆಚ್ಚಿದಂತೆ ಶ್ರುತಿ ಏರುತ್ತದೆ. ಬ್ಲೂಸಿನ ಪ್ರಾಣ ಇರುವುದು ನಮ್ಮ ಗಾಂಧಾರದ ತಗ್ಗು ಮತ್ತು ಎತ್ತರದ ರೂಪಗಳಾದ ಸಾಧಾರಣ ಗಾಂಧಾರ ಮತ್ತು ಅಂತರ ಗಾಂಧಾರಗಳ ನಡುವಿನ ಆ ಜಾಗದಲ್ಲಿ. ಪಿಯಾನೊದ ಮನೆಗಳಲ್ಲಿ ಅದು ಸಿಗುವುದಿಲ್ಲ, ತಂತಿಯನ್ನು ಎಳೆದೇ ಹಿಡಿಯಬೇಕು. ವಾನ್ ಆ ಜಾಗವನ್ನು ಪ್ರತಿ ಬಾರಿಯೂ ಒಂದೇ ಎತ್ತರದಲ್ಲಿ ಮುಟ್ಟುವುದಿಲ್ಲ. ಈ ಹಾಡಿನಲ್ಲಿ ಮೊದಲ ಸುತ್ತಿನಲ್ಲಿ ಕೆಳಗೆ ನಿಂತು ಅಳುವಂತಿರುವುದು ಕೊನೆಯ ಸುತ್ತುಗಳಲ್ಲಿ ಮೇಲಕ್ಕೆ ಸರಿದು ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. ಇದನ್ನು ನಾನು ಐದಾರು ಬಾರಿ ಕೇಳಿದ ಮೇಲೆ ಗುರುತಿಸಿದೆ, ದೊಡ್ಡಮ್ಮನಿಗೆ ಒಂದೇ ಬಾರಿಗೆ ತಿಳಿದಿತ್ತೆಂದು ಕಾಣುತ್ತದೆ.

ಆತನ ನಾದದ ದಪ್ಪಕ್ಕೆ ಕಾರಣವಾದ ತಂತಿಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಸಾಮಾನ್ಯವಾಗಿ ಮೊದಲ ತಂತಿಗೆ ಇಂಚಿನ ಸಾವಿರದಲ್ಲಿ 9 ಅಥವಾ 10 ಭಾಗ ದಪ್ಪದ್ದನ್ನು ಹಾಕುತ್ತಾರೆ, ಏಕೆಂದರೆ ತೆಳು ತಂತಿಯನ್ನು ನೂಕುವುದು ಸುಲಭ. ವಾನ್ 13 ಭಾಗ ದಪ್ಪದ ತಂತಿಗೆ ಹೆಸರಾದವನು. ದಪ್ಪ ತಂತಿ ನೂಕಲು ಬೆರಳಿಗೆ ಬಹಳ ಬಲ ಬೇಕು, ಚರ್ಮ ಹರಿಯುತ್ತದೆ. ಆದರೆ ಅದರ ನಾದ ತುಂಬಿಕೊಂಡು ಬರುತ್ತದೆ. ಮುಂದಿನ ವರ್ಷಗಳಲ್ಲಿ ಆತ ಗಿಟಾರನ್ನು ಅರ್ಧ ಸ್ವರ ತಗ್ಗಿಸಿ ಶ್ರುತಿ ಮಾಡಿಕೊಂಡದ್ದರಿಂದ ಬಿಗಿ ಸ್ವಲ್ಪ ಸಡಿಲವಾಗುತ್ತಿತ್ತು, ದನಿ ಇನ್ನೂ ಗಾಢವಾಗುತ್ತಿತ್ತು. ಮೈಸೂರಿನವರಿಗೆ ಇದು ಪಿಟೀಲು ಚೌಡಯ್ಯನವರನ್ನು ನೆನಪಿಸದೆ ಇರದು. ತಿರುಮಕೂಡಲಿನಲ್ಲಿ ಹುಟ್ಟಿ ಬಿಡಾರಂ ಕೃಷ್ಣಪ್ಪನವರ ಬಳಿ ಪಳಗಿದ ಚೌಡಯ್ಯನವರು, ಧ್ವನಿವರ್ಧಕಗಳು ಇನ್ನೂ ಎಲ್ಲೆಡೆ ಬಾರದ ಕಾಲದಲ್ಲಿ ಸಭೆಯ ಕೊನೆಯ ಸಾಲಿನವರಿಗೂ ಕೇಳಿಸಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡವರು. ಎರಡೂ ಕಡೆ ವಾದಕ ತನ್ನ ಕೈಗೆ ಹೆಚ್ಚಿನ ಕಷ್ಟವನ್ನು ತಾನೇ ತಂದುಕೊಂಡಿದ್ದಾನೆ, ತನ್ನ ಕಿವಿಯೊಳಗಿನ ನಾದ ಹೊರಗೆ ಬರಬೇಕೆಂಬ ಒಂದೇ ಹಟದಿಂದ. ಈ ಮುದ್ರಿಕೆಯಲ್ಲಿ ಆ ನಾದ ಆಗಲೇ ಪೂರ್ತಿ ಸಿದ್ಧವಾಗಿದೆ. ಮೂರು ವರ್ಷಗಳ ನಂತರ ಬಂದ ಮೊದಲ ಆಲ್ಬಂ ಆತನನ್ನು ತಯಾರು ಮಾಡಲಿಲ್ಲ, ತಯಾರಾಗಿದ್ದವನನ್ನು ಜಗತ್ತಿಗೆ ತೋರಿಸಿತು ಅಷ್ಟೇ.

ಇಲ್ಲಿರುವ ಒಂಬತ್ತು ರಚನೆಗಳಲ್ಲಿ ಮೂರನ್ನು ಮಾತ್ರ ಆತನ ಮುಂದಿನ ಸ್ಟುಡಿಯೊ ಆಲ್ಬಂಗಳಲ್ಲಿ ಕೇಳಬಹುದು. ‘ಲವ್ ಸ್ಟ್ರಕ್ ಬೇಬಿ’ ಮತ್ತು ‘ಟೆಲ್ ಮಿ’ 1983ರ ‘ಟೆಕ್ಸಾಸ್ ಫ್ಲಡ್’ನಲ್ಲಿವೆ, ‘ಟಿನ್ ಪ್ಯಾನ್ ಆಲಿ’ 1984ರ ‘ಕುಡಂಟ್ ಸ್ಟ್ಯಾಂಡ್ ದ ವೆದರ್’ನಲ್ಲಿದೆ. ಹೀಗೆ ಒಂದೇ ಹಾಡನ್ನು ಮೊದಲು ಮತ್ತು ಆಮೇಲೆ ಎರಡು ಕಡೆ ಕೇಳುವುದಕ್ಕಿಂತ ಒಳ್ಳೆಯ ಪಾಠ ರಸಿಕನಿಗೆ ಬೇರೆ ಇಲ್ಲ. ‘ಲವ್ ಸ್ಟ್ರಕ್ ಬೇಬಿ’ ಇಲ್ಲಿಯೇ ಹೆಚ್ಚು ಜೀವಂತವಾಗಿದೆ ಎಂದು ನಮ್ಮಲ್ಲಿ ಎಲ್ಲರೂ ಒಪ್ಪಿದರು; ಹೆಂಡತಿಯ ಮೇಲಿನ ಪ್ರೀತಿಯಿಂದ ಕಟ್ಟಿದ ಹಾಡು, ಮದುವೆಯಾಗಿ ನಾಲ್ಕು ತಿಂಗಳೂ ಆಗಿರದ ಹುಡುಗ ಹಾಡುತ್ತಿದ್ದಾನೆ, ಆ ಸಂಭ್ರಮ ದನಿಯಲ್ಲಿದೆ. ‘ಟೆಲ್ ಮಿ’ ಷಿಕಾಗೋದ ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಅವರ ಹಾಡು, ಅದರ ಸ್ಟುಡಿಯೊ ರೂಪವೇ ಹೆಚ್ಚು ಅಚ್ಚುಕಟ್ಟು. ‘ಟಿನ್ ಪ್ಯಾನ್ ಆಲಿ’ಯ ಬಗ್ಗೆ ಮಾತ್ರ ನಮ್ಮಲ್ಲಿ ಒಮ್ಮತ ಮೂಡಲಿಲ್ಲ. 1984ರದ್ದು ಒಂಬತ್ತು ನಿಮಿಷ ದಾಟುತ್ತದೆ, ಅದರ ಮೌನಗಳು ಇನ್ನೂ ಉದ್ದ, ಅದರ ನಾದದ ಮೇಲೆ ಸ್ಟುಡಿಯೊದ ನಯಗಾರಿಕೆ ಇದೆ. ಅದು ಪರಿಪೂರ್ಣವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಯಾವುದನ್ನು ಮತ್ತೆ ಕೇಳುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು 1980ರದ್ದನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಆತ ಮೌನವನ್ನು ಬಳಸುತ್ತಿಲ್ಲ, ಆಗತಾನೇ ಕಂಡುಕೊಳ್ಳುತ್ತಿದ್ದಾನೆ.

‘ಷೇಕ್ ಫಾರ್ ಮಿ’ ವಿಲ್ಲಿ ಡಿಕ್ಸನ್ ಬರೆದು ಹೌಲಿನ್ ವುಲ್ಫ್ ಹಾಡಿದ್ದು. ಮೂಲದಲ್ಲಿ ಹ್ಯೂಬರ್ಟ್ ಸಮ್ಲಿನ್ ಅವರ ಗಿಟಾರ್ ಹೆಣೆದ ಎಳೆಗಳ ಮೇಲೆ ವಾನ್‌ಗೆ ಎಷ್ಟು ಗೌರವವಿತ್ತೆಂಬುದು ಇಲ್ಲಿ ಗೊತ್ತಾಗುತ್ತದೆ. ಕೊನೆಯದು ‘ಲಿವ್ ಅನದರ್ ಡೇ’. ಆಮೇಲಿನ ಸ್ಟುಡಿಯೊ ಆಲ್ಬಂಗಳಲ್ಲಿ ಅದು ಇಲ್ಲ, ಹಾಗಾಗಿ ಅದನ್ನು ಕೇಳಲು ಈ ಮುದ್ರಿಕೆಗೇ ಬರಬೇಕು. ಇನ್ನೊಂದು ದಿನ ಬದುಕುವ ಮಾತನ್ನು ಹೆಸರಿನಲ್ಲೇ ಹೊತ್ತ ಹಾಡಿನಿಂದ ಮುದ್ರಿಕೆಯನ್ನು ಮುಗಿಸಿರುವುದನ್ನು, ಆತನ ಸಾವನ್ನು ಬಲ್ಲವರು ಸುಲಭವಾಗಿ ಕೇಳಲಾರರು. ಆ ದಿನ ನಮ್ಮಲ್ಲಿ ಯಾರೂ ಕೂಡಲೇ ಮಾತಾಡಲಿಲ್ಲ.

ದೋಷಗಳನ್ನೂ ಹೇಳಿಬಿಡುತ್ತೇನೆ. ಹಾಡುವ ದನಿ ಇನ್ನೂ ಎಳಸು. ಮುಂದೆ ಬಂದ ಆ ಒರಟು, ಎದೆಯಿಂದ ಎದ್ದ ಕಂಠ ಇಲ್ಲಿ ಅಲ್ಲಲ್ಲಿ ಮಾತ್ರ ಇಣುಕುತ್ತದೆ. ಮುಖ್ಯ ಗಾಯಕಿ ಹೊರಟುಹೋದ ಮೇಲೆ ಎಲ್ಲ ಹಾಡಿನ ಹೊಣೆ ತಲೆಯ ಮೇಲೆ ಬಿದ್ದು ಹೆಚ್ಚು ದಿನವಾಗಿಲ್ಲವೆಂಬುದು ಸ್ಪಷ್ಟ. ವೇಗದ ಹಾಡುಗಳಲ್ಲಿ ಪದಗಳು ಗಿಟಾರಿನ ಕೆಳಗೆ ಮುಳುಗುತ್ತವೆ. ಒಂಬತ್ತು ರಚನೆಗಳು ಸೇರಿ ಮುಕ್ಕಾಲು ಗಂಟೆಯ ಆಸುಪಾಸು ಅಷ್ಟೇ, ಇನ್ನಷ್ಟು ಬೇಕಿತ್ತು ಎನಿಸುತ್ತದೆ. ಇನ್ನೊಂದು ಪ್ರಶ್ನೆಯನ್ನು ನಮ್ಮ ಬ್ಲೂಸ್ ಗೆಳೆಯರಲ್ಲಿ ಒಬ್ಬರು ಎತ್ತಿದರು: ಕಲಾವಿದ ತಾನೇ ಒಪ್ಪಿ ಬಿಡುಗಡೆ ಮಾಡದ್ದನ್ನು ಆತ ಹೋದ ಮೇಲೆ ಮಾರುವುದು ಸರಿಯೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎಸೆದುಬಿಟ್ಟ ಕರಡುಗಳನ್ನು ಹೆಕ್ಕಿ ಮಾರುವುದು ತಪ್ಪೇ. ಆದರೆ ಇದು ಕರಡಲ್ಲ, ಸಾರ್ವಜನಿಕರ ಮುಂದೆ ಆತ ನಡೆಸಿದ ಕಛೇರಿ. ಬಾನುಲಿಯ ಮೂಲಕ ಊರೆಲ್ಲ ಕೇಳಲೆಂದು ಆತನೇ ನುಡಿಸಿದ್ದು. ಜೊತೆಗೆ 1986ರ ‘ಲೈವ್ ಅಲೈವ್’ ಆಲ್ಬಂನ ಹೋಲಿಕೆ ಮನಸ್ಸಿಗೆ ಬರುತ್ತದೆ. ಅದು ಕಛೇರಿಯ ಮುದ್ರಿಕೆಯೇ ಆದರೂ, ಆತ ಮದ್ಯ ಮತ್ತು ಮಾದಕ ವಸ್ತುಗಳಿಂದ ಬಹಳ ಜರ್ಝರಿತನಾಗಿದ್ದ ಕಾಲದ್ದು, ಆಮೇಲೆ ಸ್ಟುಡಿಯೊದಲ್ಲಿ ಬಹಳಷ್ಟನ್ನು ಮತ್ತೆ ನುಡಿಸಿ ಸೇರಿಸಿದ್ದು. ಇದರಲ್ಲಿ ಆತ ಹಾಗೆ ತಿದ್ದುವ ಪ್ರಶ್ನೆಯೇ ಇರಲಿಲ್ಲ.

ಯಾರೋ ಒಬ್ಬರು ಆ ರಾತ್ರಿ ಟೇಪು ಓಡಿಸಿದ್ದರಿಂದ, ಯಾರೋ ಅದನ್ನು ಅಳಿಸದೆ ಇಟ್ಟದ್ದರಿಂದ ಇದು ನಮಗೆ ದಕ್ಕಿದೆ. ಮೈಸೂರಿನಲ್ಲಿ ಕುಳಿತು ಇದನ್ನು ಯೋಚಿಸುವಾಗ ಎರಡು ಸಂಗತಿಗಳು ನೆನಪಾಗುತ್ತವೆ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು, ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಆ ಮೊದಲ ವರ್ಷಗಳಲ್ಲಿ ಗಾಳಿಯಲ್ಲಿ ಹರಿದ ಸಂಗೀತವೆಲ್ಲ ಇಂದು ನಮ್ಮ ಕೈಯಲ್ಲಿದ್ದಿದ್ದರೆ ಎಂದು ಎಷ್ಟೋ ಬಾರಿ ಅನಿಸಿದೆ. ಇನ್ನೊಂದು ಮಹಾರಾಜ ಜಯಚಾಮರಾಜ ಒಡೆಯರ್ ಅವರದ್ದು. ರಷ್ಯಾದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದಾಗ, ಅವರ ರಚನೆಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ನಮ್ಮ ಮಹಾರಾಜರು. ಆ ಮುದ್ರಿಕೆಗಳು ಈಗಲೂ ಸಿಗುತ್ತವೆ. ಪಾಶ್ಚಾತ್ಯ ಸಂಗೀತದ ಒಂದು ಮುದ್ರಿಕೆಗಾಗಿ ಎರಡು ತಿಂಗಳು ಕಾದು, ಅದರ ಬಗ್ಗೆ ಇಷ್ಟುದ್ದ ಬರೆಯುವುದು ಈ ಊರಿಗೆ ಹೊರತಾದ ಹವ್ಯಾಸವೇನಲ್ಲ.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ವಾನ್‌ನನ್ನು ಇದುವರೆಗೆ ಕೇಳದವರು ಇದರಿಂದ ಶುರುಮಾಡಬಾರದು. ಮೊದಲು ‘ಟೆಕ್ಸಾಸ್ ಫ್ಲಡ್’ ಕೇಳಿ, ಅದು ಕಿವಿಗೆ ಒಗ್ಗಿದ ಮೇಲೆ ಇದಕ್ಕೆ ಬರುವುದು ಒಳ್ಳೆಯದು. ಆತನನ್ನು ಬಲ್ಲವರು ತಡಮಾಡಬೇಕಾಗಿಲ್ಲ. ಗಿಟಾರ್ ಕಲಿಯುತ್ತಿರುವ ಮಕ್ಕಳಿಗೆ ಐದನೆಯ ಹಾಡೊಂದನ್ನೇ ಕೇಳಿಸಿದರೂ ಸಾಕು, ವೇಗದ ಹಾಡುಗಳನ್ನು ಅವರು ತಾವಾಗಿಯೇ ಹುಡುಕಿಕೊಳ್ಳುತ್ತಾರೆ. ಸಾಧ್ಯವಿದ್ದರೆ ಒಳ್ಳೆಯ ಸ್ಪೀಕರಿನಲ್ಲಿ, ಇಲ್ಲವೇ ಕಿವಿಗಳನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳಿ. ನ್ಯೂಹೌಸ್ ಅವರ ಬೇಸ್ ಆಗಲೇ ಕೈಗೆ ಸಿಗುವುದು. ಹಳೆಯ ಸಿ.ಡಿ. ಕೊಳ್ಳುವುದಾದರೆ ಮುದ್ರಿಕೆಯ ಹಿಂಬದಿಯ ಚಿತ್ರವನ್ನು ಮೊದಲೇ ಕೇಳಿ ತರಿಸಿಕೊಂಡು ನೋಡಿ, ನನಗಾದ ತೊಂದರೆ ನಿಮಗೆ ಆಗುವುದು ಬೇಡ.

ನಮ್ಮ ಪ್ರತಿ ಈಗ ಮನೆಯಲ್ಲಿಲ್ಲ. ಮೃದಂಗದ ಗೆಳೆಯರು ಅದನ್ನು ಕುವೆಂಪುನಗರದ ತಮ್ಮ ಮನೆಗೆ ಒಯ್ದಿದ್ದಾರೆ. ನಾಲ್ಕನೆಯ ಹಾಡಿನ ನಡೆ ಹೊರಳುವ ಜಾಗವನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆಂದು ನಿನ್ನೆ ಫೋನಿನಲ್ಲಿ ಹೇಳಿದರು. ಮುಂದಿನ ಭಾನುವಾರದೊಳಗೆ ತಂದುಕೊಡಬೇಕೆಂದು ಕೇಳಿಕೊಂಡಿದ್ದೇನೆ, ದೊಡ್ಡಮ್ಮ ಆಗಲೇ ಎರಡು ಬಾರಿ ವಿಚಾರಿಸಿದ್ದಾರೆ.